ಸಮ್ರ್ ಮರದ ಬಿಳಿ ಮುಳ್ಳು

ಮುಸಫ್ಫಾ, ಅಬುಧಾಬಿ
8 ನವೆಂಬರ್ 2025, ಶನಿವಾರ

ವಸಂತಿ,

ಒಂಬತ್ತು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಹೆಸರಿನ ಹಿಂದೆ ಮುಂದೆ ಏನು ಸೇರಿಸುವುದೆಂದು ಗೊತ್ತಾಗದೆ ಬರೀ ಹೆಸರು ಬರೆದೆ. ನನ್ನ ಅಪ್ಪ ಬೊಂಬಾಯಿಯಿಂದ ಮನೆಗೆ ಕಾಗದ ಹಾಕುವಾಗ ಮೊದಲ ನಾಲ್ಕು ಸಾಲು ಕ್ಷೇಮಸಮಾಚಾರಕ್ಕೇ ಮೀಸಲು. ನನಗೆ ಆ ನಾಲ್ಕು ಸಾಲಿಗೂ ತ್ರಾಣವಿಲ್ಲ. ಕಾಯಿಲೆ ಏನೂ ಇಲ್ಲ, ಸುಸ್ತು ಅಷ್ಟೆ. ಬೆಳಿಗ್ಗೆ ಎದ್ದು ಬೂಟಿನ ಲೇಸು ಕಟ್ಟುವಷ್ಟರಲ್ಲೇ ದಿನ ಮುಗಿದಂತೆ ಅನ್ನಿಸುತ್ತಿತ್ತು. ಮಂಗಳವಾರದಿಂದ ಬೂಟು ಹಾಕುವ ಕೆಲಸವೂ ಇಲ್ಲ. ಅದು ಯಾಕೆಂದು ಮುಂದೆ ಬರೆಯುತ್ತೇನೆ.

ಮೊದಲು ಫೋನು ಮಾಡುವುದೆಂದೇ ಇದ್ದೆ. ನಿಖಿತಾ ಬೇಡ ಎಂದಳು. "ಕಾಲ್ ಮಾಡ್ಬೇಡಿ ಪಪ್ಪಾ, ಅಮ್ಮ ಕಟ್ ಮಾಡ್ತಾರೆ. ಜಸ್ಟ್ ರೈಟ್ ಟು ಹರ್. ಶೀ ವಿಲ್ ರೀಡ್," ಎಂದಳು. ಯಾವ ವಿಷಯ ಎಂದು ಕೇಳಲಿಲ್ಲ. ಆ ಗುಣ ಅವಳಿಗೆ ನಿನ್ನಿಂದ ಬಂದದ್ದು.

ನಿನ್ನನ್ನು ವಾಪಸ್ಸು ಕರೆಯುವ ಪತ್ರ ಇದಲ್ಲ, ಹೆದರಬೇಡ. ನಿನ್ನಿಂದ ಒಂದು ಉಪಕಾರ ಆಗಬೇಕು, ಅದೂ ಬೇರೆಯವರಿಗಾಗಿ. ಅದನ್ನು ಕೇಳುವ ಮೊದಲು ನಾನು ಮಾಡಿದ್ದನ್ನು ಹೇಳಬೇಕು. ಅದನ್ನು ಹೇಳುವ ಮೊದಲು ಒಂದು ಮರದ ವಿಷಯ ಹೇಳಬೇಕು, ಇಲ್ಲದಿದ್ದರೆ ಅರ್ಥವಾಗುವುದಿಲ್ಲ.

ನಾನು ಈಗಲೂ ಅಲ್ ಐನ್ ರಸ್ತೆಯ ಬದಿಯ ಅದೇ ನರ್ಸರಿಯಲ್ಲಿ ಫೋರ್‌ಮನ್. ನೀನು ಇದ್ದಾಗ ಅಲ್ಲಿ ಬೋಗನ್‌ವಿಲ್ಲಾ, ಪೆಟೂನಿಯಾ ಅಂತ ಹೂವಿನ ಗಿಡಗಳೇ ಹೆಚ್ಚಿದ್ದವು. ಈಗ ಸಮ್ರ್ ಹೆಚ್ಚು. ಕೊಡೆ ಬಿಡಿಸಿ ಇಟ್ಟ ಹಾಗೆ ತಲೆ ಚಪ್ಪಟೆಯಾಗಿರುವ ಮುಳ್ಳಿನ ಮರ, ಫುಜೈರಾದ ಕಡೆ ಹೋಗುವಾಗ ಜಲ್ಲಿ ನೆಲದಲ್ಲಿ ಅಲ್ಲೊಂದು ಇಲ್ಲೊಂದು ನಿಂತಿರುತ್ತದಲ್ಲ, ಅದು. ನೀನೊಮ್ಮೆ ಬಸ್ಸಿನಿಂದ ತೋರಿಸಿ, ಇದು ನಮ್ಮ ಘಟ್ಟದ ಮೇಲಿನ ಜಾಲಿಯೇ ಅಲ್ಲವಾ ಎಂದು ಕೇಳಿದ್ದೆ. ನಾನು ಅಲ್ಲ ಎಂದಿದ್ದೆ. ನೀನು ಹೇಳಿದ್ದೇ ಸರಿ, ಅದೇ ಕುಲ. ನಾವು ತಲೆಗೆ ಹಾಕುವ ಸೀಗೆಯೂ ಇದಕ್ಕೆ ನೆಂಟನಂತೆ. ನಮ್ಮ ಸುಡಾನಿ ಇಂಜಿನಿಯರ್ ಹೇಳಿದ್ದು. ಆಫ್ರಿಕಾದ ಉದ್ದಗಲಕ್ಕೂ ಇದೇ ಮರವಂತೆ, ಅವರ ಊರಿನ ಶಾಲೆಗೆ ಮೊದಲ ಎರಡು ವರ್ಷ ಚಾವಣಿ ಅಂತ ಇದ್ದದ್ದು ಒಂದು ಸಮ್ರ್ ಮರವೇ ಅಂತೆ. ಅರಬ್ಬೀ ನೆಲದಲ್ಲೂ ಅದು ನೆಟ್ಟವರಿಲ್ಲದೆ ತಾನಾಗಿಯೇ ಇದೆ.

ಇದರ ಬೀಜವನ್ನು ಹಾಗೇ ಮಣ್ಣಿಗೆ ಹಾಕಿದರೆ ಮೊಳೆಯುವುದಿಲ್ಲ. ಸಿಪ್ಪೆ ಕಲ್ಲಿನಂಥದ್ದು. ಕಾಡಿನಲ್ಲಾದರೆ ಸುರುಳಿ ಸುತ್ತಿದ ಕಾಯಿಯನ್ನು ಆಡು, ಒಂಟೆ ತಿಂದು ಹಿಕ್ಕೆಯಲ್ಲಿ ಹಾಕಬೇಕು. ನರ್ಸರಿಯಲ್ಲಿ ನಾವು ಕುದಿಸಿ ಇಳಿಸಿದ ನೀರಿಗೆ ಹಾಕಿ ಒಂದು ರಾತ್ರಿ ಬಿಡುತ್ತೇವೆ. ಬೆಳಿಗ್ಗೆ ಉಬ್ಬಿದ್ದು ಮೊಳೆಯುತ್ತದೆ, ಉಬ್ಬದ್ದನ್ನು ಮತ್ತೆ ಬಿಸಿನೀರಿಗೆ ಹಾಕಬೇಕು. ಅರ್ಧಕ್ಕರ್ಧ ಬೀಜ ಹುಳ ಕೊರೆದದ್ದೇ ಇರುತ್ತದೆ. ಸಸಿ ಕೈಯುದ್ದ ಬರುವ ಮೊದಲೇ ಬೇರು ಅದರ ಮೂರು ಪಟ್ಟು ಕೆಳಗೆ ಹೋಗಿರುತ್ತದೆ, ಅದಕ್ಕೇ ಉದ್ದದ ಕೊಳವೆಯಂಥ ಚೀಲದಲ್ಲಿ ಬೆಳೆಸುವುದು. ಎಲೆ ಹುಣಸೆ ಎಲೆಗಿಂತಲೂ ಸಣ್ಣದು, ಬಿಸಿಲಿಗೆ ಹೆಚ್ಚು ನೀರು ಕಳೆದುಕೊಳ್ಳುವುದಿಲ್ಲ. ಐವತ್ತು ಡಿಗ್ರಿ ಬಿಸಿಲು ತಡೆಯುತ್ತದೆ, ವರ್ಷಕ್ಕೆ ಎರಡು ಮಳೆ ಸಾಕು. ಉಪ್ಪು ನೆಲ ಮಾತ್ರ ಆಗದು, ಬುಡದಲ್ಲಿ ನೀರು ನಿಲ್ಲುವುದೂ ಆಗದು. ಎಷ್ಟೋ ವಿಲ್ಲಾದವರು ಪ್ರೀತಿಯಿಂದ ಇದನ್ನು ಹುಲ್ಲುಹಾಸಿನ ನಡುವೆ ನೆಡಿಸಿ ದಿನಾ ನೀರು ಬಿಟ್ಟು ಕೊಳೆಯಿಸಿದ್ದಾರೆ.

ಇದರ ಇದ್ದಲು ಹೊಗೆಯಿಲ್ಲದೆ ಉರಿಯುತ್ತದೆ ಅಂತ ಹಿಂದಿನವರು ಕಡಿದು ಕಡಿದು ಮುಗಿಸಿದ್ದರು. ಈಗ ಕಾಡಿನದನ್ನು ಮುಟ್ಟುವ ಹಾಗಿಲ್ಲ, ಕಾನೂನಿದೆ. ಅಂಟು ಬರುತ್ತದೆ, ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರಂತೆ. ಬೇಸಿಗೆ ಶುರುವಾಗುವಾಗ ಕೆನೆಬಣ್ಣದ ಸಣ್ಣ ಹೂವು ಬಿಡುತ್ತದೆ, ಆಗ ಇಡೀ ಮರ ಜೇನು ಹುಳದ ಸದ್ದಿನಲ್ಲಿ ಇರುತ್ತದೆ. ಆ ಜೇನು ಕಪ್ಪಗೆ, ಸ್ವಲ್ಪ ಒಗರು. ಇಲ್ಲಿಯವರು ಅದಕ್ಕೆ ಕೇಳಿದಷ್ಟು ಕೊಡುತ್ತಾರೆ.

ಮರದ ವಿಷಯ ಬರೆಯಲು ಕೂತರೆ ಕೈ ತಾನಾಗಿ ಓಡುತ್ತದೆ. ಬರೆಯಬೇಕಾದ್ದನ್ನು ಮುಂದೆ ಮುಂದೆ ತಳ್ಳುತ್ತಿದ್ದೇನೆ ಎಂದು ನಿನಗೆ ಈಗಾಗಲೇ ಗೊತ್ತಾಗಿರಬೇಕು. ಇನ್ನು ಒಂದೇ ಸಂಗತಿ. ಸಮ್ರ್ ಮರಕ್ಕೆ ಎರಡು ತರದ ಮುಳ್ಳು. ಒಂದು ಗಿಡ್ಡದ್ದು, ಕಂದು ಬಣ್ಣ, ಗಾಳದ ಕೊಕ್ಕೆಯ ಹಾಗೆ ಬಗ್ಗಿರುತ್ತದೆ. ಇನ್ನೊಂದು ನೇರ, ಬಿಳಿ, ನಿನ್ನ ಹೊಲಿಗೆ ಅಂಗಡಿಯ ದೊಡ್ಡ ಸೂಜಿಗಿಂತ ಉದ್ದ. ಎರಡೂ ಒಂದೇ ಕೊಂಬೆಯಲ್ಲಿ ಇರುತ್ತವೆ. ಕೊಕ್ಕೆ ಮುಳ್ಳು ಹಿಡಿದು ನಿಲ್ಲಿಸುತ್ತದೆ, ನೇರ ಮುಳ್ಳು ಒಳಗೆ ಹೋಗುತ್ತದೆ.

ನನ್ನ ಕೈಕೆಳಗೆ ಅನ್ಸಿಫ್ ಎಂಬವನು ಆರು ವರ್ಷದಿಂದ ಇದ್ದಾನೆ. ಉಳ್ಳಾಲದ ಹತ್ತಿರದ ಬ್ಯಾರಿ. ವಯಸ್ಸು ಮೂವತ್ನಾಲ್ಕು. ಊರಲ್ಲಿ ಹೆಂಡತಿ ಸಮೀಹಾ, ಎರಡನೇ ಕ್ಲಾಸಿಗೆ ಹೋಗುವ ಮಗಳು. ನಾವಿಬ್ಬರೂ ಮಾತಾಡುವುದು ತುಳು. ಬಂದ ಮೊದಲ ವಾರವೇ ನನ್ನನ್ನು ಜಯಣ್ಣ ಎಂದು ಕರೆಯಲು ಶುರು ಮಾಡಿದ. ಮರ ಸವರುವುದರಲ್ಲಿ ಅವನಷ್ಟು ಚುರುಕಿನವರು ನಮ್ಮಲ್ಲಿ ಬೇರೆ ಇರಲಿಲ್ಲ. ಎಲ್ಲಿ ಕತ್ತರಿಸಿದರೆ ಗಾಯ ಬೇಗ ಮುಚ್ಚುತ್ತದೆ ಎಂದು ಅವನಿಗೆ ನೋಡಿದ ಕೂಡಲೇ ತಿಳಿಯುತ್ತಿತ್ತು.

ಕಳೆದ ಏಪ್ರಿಲ್‌ನಲ್ಲಿ ಅಬುಧಾಬಿ ದ್ವೀಪದ ಮೇಲೆ ಒಂದು ಹೊಸ ಪಾರ್ಕಿಗೆ ನಮ್ಮ ಹದಿನೆಂಟು ಸಮ್ರ್ ಮರ ಹೋಗಿದ್ದವು. ಎರಡು ದಿನದಲ್ಲಿ ಉದ್ಘಾಟನೆ. ಕಾಲುದಾರಿಯ ಮೇಲೆ ಕೆಳಗಿನ ಕೊಂಬೆಗಳು ನಡೆಯುವವರ ತಲೆಗೆ ತಾಗುತ್ತವೆ, ಇವತ್ತೇ ಸವರಿಸಿ ಎಂದು ಮ್ಯಾನೇಜರ್ ಬೆಳಿಗ್ಗೆ ಫೋನು ಮಾಡಿದರು. ಪಿಕಪ್ಪಿನಲ್ಲಿ ಏಣಿ, ಗರಗಸ, ಕೈಗವಸು ಹಾಕಿಸಿ ಹೊರಟೆವು. ಏನೇನು ತುಂಬಿದೆ ಎಂಬ ಪಟ್ಟಿಗೆ ಟಿಕ್ ಹಾಕಿ ಸಹಿ ಮಾಡುವವನು ನಾನು. ನೋಡದೆ ಹಾಕಿದ್ದೆ. ಅಲ್ಲಿಗೆ ಹೋಗಿ ನೋಡಿದರೆ ಸೇಫ್ಟಿ ಗ್ಲಾಸಿನ ಪೆಟ್ಟಿಗೆ ಇಲ್ಲ, ನರ್ಸರಿಯ ಸ್ಟೋರಿನಲ್ಲೇ ಉಳಿದಿತ್ತು. ಹೋಗಿ ಬರಲು ಎರಡು ಗಂಟೆ.

ಅನ್ಸಿಫ್ ಏಣಿ ಮರಕ್ಕೆ ಒರಗಿಸಿ ನಿಂತ. "ಜಯಣ್ಣ, ಗ್ಲಾಸ್ ಬರೋವರೆಗೆ ನಾನು ನೆಲದ ಕೆಲಸ ನೋಡ್ತೇನೆ," ಎಂದ. ಮುಳ್ಳಿನ ಮರ ಸವರುವವನು ಹೇಳಬೇಕಾದ ಮಾತೇ ಅದು. ನಾನು ಅಷ್ಟರಲ್ಲಿ ಮ್ಯಾನೇಜರಿಗೆ ಮಧ್ಯಾಹ್ನದೊಳಗೆ ಆಗುತ್ತದೆ ಎಂದು ಮಾತು ಕೊಟ್ಟಾಗಿತ್ತು.

"ಅರ್ಧ ಗಂಟೆಯ ಕೆಲಸ ಮಾರಾಯ, ಕಣ್ಣು ಸಣ್ಣ ಮಾಡಿ ಮುಗಿಸು," ಎಂದೆ.

ಅವನು ಹತ್ತಿದ. ಹನ್ನೊಂದು ಮರ ಏನೂ ಆಗದೆ ಮುಗಿಯಿತು. ಹನ್ನೆರಡನೆಯದರಲ್ಲಿ ಕತ್ತರಿಸಿದ ಕೊಂಬೆಯ ಕೊಕ್ಕೆ ಮುಳ್ಳು ಪಕ್ಕದ ಕೊಂಬೆಗೆ ಸಿಕ್ಕಿಕೊಂಡಿತು. ಅವನು ಬಿಡಿಸಲು ಎಳೆದ. ಪಕ್ಕದ ಕೊಂಬೆ ಬಾಗಿ ಬಂದು ತಟ್ಟನೆ ಬಿಟ್ಟುಕೊಂಡು ಅವನ ಮುಖಕ್ಕೆ ಹೊಡೆಯಿತು. ಅವನು ಏಣಿಯ ಮೆಟ್ಟಿಲು ಒಂದೊಂದೇ ಕಾಲಿನಿಂದ ಹುಡುಕಿಕೊಂಡು ಇಳಿದ, ನೆಲಕ್ಕೆ ಕೂತ, "ಜಯಣ್ಣ, ಒಳಗೆ ಉಂಟು, ಎಳೀಬೇಡಿ," ಎಂದ. ಎಡಗಣ್ಣಿನ ಕರಿಯ ಗುಡ್ಡೆಯಲ್ಲಿ ಕೊಂಬೆಯಿಂದ ಮುರಿದ ಬಿಳಿಯ ಮುಳ್ಳು ಕಡ್ಡಿಯ ಹಾಗೆ ನಿಂತಿತ್ತು. ತುದಿಯಲ್ಲಿ ಎರಡು ಎಲೆಯೂ ಇತ್ತು.

ಆಸ್ಪತ್ರೆಯಲ್ಲಿ ಅದೇ ಮಧ್ಯಾಹ್ನ ಆಪರೇಷನ್ ಆಯಿತು. ಕಣ್ಣು ಅಲುಗಬಾರದೆಂದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರು. ಮಾರನೆಯ ದಿನ ನಾನು ಅವನ ಪಕ್ಕದಲ್ಲಿ ಕೂತಿದ್ದಾಗ ಮ್ಯಾನೇಜರ್ ಫೋನು ಬಂತು. ಅವರು ನನಗೆ ಸುಳ್ಳು ಬರೆ ಎಂದು ಹೇಳಲಿಲ್ಲ, ಅದನ್ನು ನಾನು ಸರಿಯಾಗಿ ಬರೆಯಬೇಕು. ಸೇಫ್ಟಿ ಗ್ಲಾಸು ಕೊಟ್ಟಿದ್ದೀರಿ ತಾನೇ ಜಯಪಾಲ್, ಪಟ್ಟಿಯಲ್ಲಿ ನಿಮ್ಮ ಟಿಕ್ ಇದೆ ಎಂದು ಕೇಳಿದರು. ನಾನು ಹೌದು ಎಂದೆ. ಹಾಗಾದರೆ ಅವನೇ ತೆಗೆದಿರಬೇಕಲ್ಲ ಎಂದರು. ಅದಕ್ಕೂ ಹೌದು ಎಂದೆ. ಎರಡು ಹೌದು. ಸಂಜೆಯೊಳಗೆ ಆಫೀಸಿನ ಡ್ರೈವರ್ ಒಂದು ಕಾಗದ ತಂದುಕೊಟ್ಟ, ಮೇಲೆ ಅರಬ್ಬಿ, ಕೆಳಗೆ ಇಂಗ್ಲಿಷ್. ಗ್ಲಾಸು ಕೊಡಲಾಗಿತ್ತು, ಸೆಕೆ ಎಂದು ನಾನೇ ಕಳಚಿ ಇಟ್ಟೆ ಎಂದು ಅನ್ಸಿಫನೇ ಹೇಳಿದ ಹಾಗೆ ಅದರಲ್ಲಿ ಬರೆದಿತ್ತು. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು.

ನಾನು ಅವನಿಗೆ ಇನ್ಶೂರೆನ್ಸಿನ ಕಾಗದ, ಒಂದು ಸಹಿ ಬೇಕು ಎಂದೆ. ಪೆನ್ನು ಅವನ ಕೈಗೆ ಕೊಟ್ಟು, ಕೈಯನ್ನು ಹಿಡಿದು ಗೆರೆಯ ಮೇಲೆ ಇಟ್ಟೆ.

"ಎಲ್ಲಿ ಜಯಣ್ಣ, ಇಲ್ಲಿಯಾ?" ಎಂದು ಕೇಳಿದ.

"ಇಲ್ಲೇ," ಎಂದೆ.

ಸಹಿ ಗೆರೆಯಿಂದ ಕೆಳಗೆ ಜಾರಿತು. ಅವನು ಅದಕ್ಕೂ ಸರಿ ಬಂತಾ, ಇನ್ನೊಂದು ಮಾಡ್ಲಾ ಎಂದು ಕೇಳಿದ.

ಕಣ್ಣಿಗೆ ಸೋಂಕು ಹತ್ತಿ ಆರು ವಾರದಲ್ಲಿ ದೃಷ್ಟಿ ಪೂರ್ತಿ ಹೋಯಿತು. ನೋಡಿದರೆ ಕಣ್ಣು ಅಲ್ಲೇ ಇದೆ, ಹಾಲು ಬಿದ್ದ ಹಾಗೆ ಬೆಳ್ಳಗಾಗಿದೆ.

ಆ ಸಹಿಯ ವಿಷಯ ನಿನಗೆ ಯಾಕೆ ಹೇಳುತ್ತಿದ್ದೇನೆಂದು ನೀನು ಕೇಳುವುದಿಲ್ಲ. 2016ರಲ್ಲಿ ಕಂಪನಿ ನನ್ನನ್ನು ಫ್ಯಾಮಿಲಿ ಸ್ಟೇಟಸ್‌ನಿಂದ ಬ್ಯಾಚುಲರ್ ಸ್ಟೇಟಸ್‌ಗೆ ಇಳಿಸಿತು, ಸಂಸಾರಕ್ಕೆಂದು ಕೊಡುತ್ತಿದ್ದ ಮನೆ ಬಾಡಿಗೆ ನಿಂತಿತು. ನಿಮ್ಮಿಬ್ಬರನ್ನೂ ಊರಿಗೆ ಕಳಿಸದೆ ದಾರಿಯಿಲ್ಲ ಎಂದು ನಾನೊಬ್ಬನೇ ತೀರ್ಮಾನ ಮಾಡಿದೆ. ಟೈಪಿಂಗ್ ಸೆಂಟರಿಗೆ ಹೋಗಿ ನಿನ್ನ ವೀಸಾ ರದ್ದು ಮಾಡುವ ಅರ್ಜಿಗೆ ಸಹಿ ಹಾಕಿದೆ. ನಿನಗೆ ಹೇಳಲು ಬಾಯಿ ಬರಲಿಲ್ಲ. ಕಾರ್ಕಳಕ್ಕೆ ಫೋನು ಮಾಡಿ ನಿನ್ನ ಅಣ್ಣನಿಗೆ ಹೇಳಿದೆ, ಮೆಲ್ಲ ತಿಳಿಸಿ ಭಾವ ಎಂದೆ. ನೀನು ಖಾಲಿದಿಯಾದ ಆ ಟೈಲರಿಂಗ್ ಅಂಗಡಿಯಲ್ಲಿ ಯಾರದೋ ಮದುವೆಯ ಬಟ್ಟೆ ಕತ್ತರಿಸುತ್ತಿದ್ದೆಯಂತೆ. ಅಲ್ಲಿಂದ ನೆಟ್ಟಗೆ ರೂಮಿಗೆ ಬಂದೆ, ಅಳತೆಯ ಟೇಪು ಇನ್ನೂ ಕೊರಳಲ್ಲಿತ್ತು. "ನೀವೇ ಹೇಳ್ಬಹುದಿತ್ತಲ್ಲ?" ಎಂದು ಕೇಳಿದೆ ನೀನು. ಅದೊಂದೇ ಮಾತು. ಹದಿನೈದು ದಿನದಲ್ಲಿ ನೀನು ನಿಖಿತಾಳನ್ನು ಊರಲ್ಲಿ ನಿನ್ನ ಅಕ್ಕನ ಮನೆಗೆ ಬಿಟ್ಟು, ಇಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದ ಸತ್ವಾದಲ್ಲಿ ಹೊಸ ಅಂಗಡಿ ಇಟ್ಟಿದ್ದ ಒಲಿಂಡಾ ಬಾಯಿಯ ವೀಸಾದಲ್ಲಿ ವಾಪಸ್ಸು ಬಂದೆ. ಅಬುಧಾಬಿಗೆ ಮಾತ್ರ ಬರಲಿಲ್ಲ. ನೀನು ಹೋದದ್ದು ವೀಸಾಕ್ಕಾಗಿ ಎಂದು ನಾನು ಎಷ್ಟೋ ವರ್ಷ ಎಲ್ಲರ ಹತ್ತಿರ ಹೇಳಿಕೊಂಡು ಬಂದೆ. ಆ ಒಂದು ಮಾತಿಗೆ ಉತ್ತರ ಇಲ್ಲದ್ದಕ್ಕೆ ನೀನು ಹೋದದ್ದೆಂದು ನನಗೆ ಆಗಲೇ ಗೊತ್ತಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಅನ್ಸಿಫ್‌ನನ್ನು ಏಣಿ ಹತ್ತಿಸುವಂತಿಲ್ಲ. ಬೀಜದ ಬೆಂಚಿಗೆ ಹಾಕಿಸಿದೆ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಮೊದಮೊದಲು ಚಹಾ ಲೋಟದ ಪಕ್ಕಕ್ಕೆ ಬೀಳುತ್ತಿತ್ತು, ಬೀಜ ಚೀಲದ ಅಂಚಿಗೆ ಬೀಳುತ್ತಿತ್ತು. ಆಮೇಲೆ ಅವನೇ ಉಪಾಯ ಮಾಡಿಕೊಂಡ, ಎಡಗೈ ಬೆರಳು ಚೀಲದ ಬಾಯಿಗೆ ತಾಗಿಸಿ ಬಲಗೈಯಿಂದ ಬೀಜ ಬಿಡುವುದು. ಹುಳ ಕೊರೆದ ಬೀಜವನ್ನು ಮುಟ್ಟಿಯೇ ಆರಿಸುತ್ತಾನೆ. ಈ ವರ್ಷ ಮೊಳೆತದ್ದು ಹಿಂದಿನ ಎಲ್ಲ ವರ್ಷಕ್ಕಿಂತ ಹೆಚ್ಚು. ಸುಡಾನಿ ಇಂಜಿನಿಯರ್ ಎಲ್ಲರನ್ನೂ ಕರೆದು ತೋರಿಸಿದರು. ಅವನು ಇದೆಲ್ಲ ಜಯಣ್ಣ ಕಲಿಸಿದ್ದು ಎಂದ. ನಾನು ನಲ್ಲಿ ತಿರುಗಿಸುವ ನೆವದಲ್ಲಿ ಆಚೆ ಹೋದೆ.

ಆಸ್ಪತ್ರೆಗೆ ದಿನಾ ಬರುತ್ತಿದ್ದವನು ನಾನೊಬ್ಬನೇ ಎಂದು ಅವನು ಊರಿಗೆಲ್ಲ ಹೇಳಿದ್ದಾನೆ. ಸಮೀಹಾ ಒಮ್ಮೆ ವೀಡಿಯೋದಲ್ಲಿ ನನಗೆ ಕೈಮುಗಿದಳು. ಮಗಳು ಮಾಮಾ ಎಂದು ಕರೆದಳು.

ಅಕ್ಟೋಬರ್ ಕೊನೆಗೆ ಅವನ ಪರಿಹಾರದ ಅರ್ಜಿಗೆ ಉತ್ತರ ಬಂತು, ಇಂಗ್ಲಿಷಿನಲ್ಲಿ. ಅದರ ಜೊತೆಗೇ ಕೆಲಸ ಮುಂದುವರಿಸುವುದಿಲ್ಲ, ನವೆಂಬರ್ ಇಪ್ಪತ್ತನೇ ತಾರೀಕಿಗೆ ಊರಿಗೆ ಟಿಕೆಟು ಎಂದೂ ಇತ್ತು. ಅವನು ಕಾಗದವನ್ನು ಬೀಜದ ಬೆಂಚಿನ ಮೇಲೆ ಹರಡಿ, ಓದಿ ಹೇಳಿ ಜಯಣ್ಣ ಎಂದ. ಮೂರನೇ ಸಾಲಿನಲ್ಲೇ ಇತ್ತು. ಕಾರ್ಮಿಕ ತಾನೇ ಸಹಿ ಮಾಡಿ ಒಪ್ಪಿಕೊಂಡಿರುವುದರಿಂದ ಪರಿಹಾರ ಕೊಡಲು ಬರುವುದಿಲ್ಲ ಎಂದು. ನಾನು ಆ ಸಾಲನ್ನು ಬಿಟ್ಟು ಕೆಳಗಿನದನ್ನು ಓದಿದೆ. ಏನೋ ರೂಲ್ಸು ಬದಲಾಗಿದೆಯಂತೆ, ಈ ತರದ ಗಾಯಕ್ಕೆ ಇಲ್ಲವಂತೆ ಎಂದು ತುಳುವಿನಲ್ಲಿ ಕಟ್ಟಿ ಹೇಳಿದೆ. ಅವನು ಕಾಗದವನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡ.

"ಆಯ್ತು ಬಿಡಿ. ನೀವು ಇದ್ರಿ ನನ್ನ ಕಡೆಗೆ, ಅಷ್ಟು ಸಾಕು," ಎಂದ.

ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ನಿದ್ದೆಯ ಮಾತು ಬಿಡು. ಐವತ್ತೇಳು ವರ್ಷದವನು, ರಿಟೈರ್ ಆಗಲು ಇನ್ನು ಸ್ವಲ್ಪವೇ ಸಮಯ, ಅದನ್ನು ಹಾಳು ಮಾಡಿಕೊಳ್ಳಬೇಡ ಎಂದು ಮನಸ್ಸು ಒಂದು ಕಡೆ ಹೇಳುತ್ತಿತ್ತು. ಆದರೆ ಸುಳ್ಳನ್ನು ಹೊತ್ತುಕೊಂಡು ಓಡಾಡಲು ಬೇಕಾದ ಶಕ್ತಿಯೇ ನನ್ನಲ್ಲಿ ಉಳಿದಿರಲಿಲ್ಲ. ಧೈರ್ಯ ಬಂದು ಮಾಡಿದ್ದು ಎಂದು ತಿಳಿಯಬೇಡ. ಸಾಕಾಗಿ ಮಾಡಿದ್ದು.

ಸೋಮವಾರ ಬೆಳಿಗ್ಗೆ ಮುಸಫ್ಫಾದ ಟೈಪಿಂಗ್ ಸೆಂಟರಿನಲ್ಲಿ ಕೂತು ಹೊಸ ಹೇಳಿಕೆ ಬರೆಸಿದೆ. ಗ್ಲಾಸು ಪಿಕಪ್ಪಿನಲ್ಲಿ ಇರಲಿಲ್ಲ, ಪಟ್ಟಿಗೆ ನಾನು ನೋಡದೆ ಸಹಿ ಹಾಕಿದ್ದೆ, ಅವನು ಬೇಡವೆಂದರೂ ಹತ್ತಿಸಿದವನು ನಾನು, ಕಣ್ಣು ಕಟ್ಟಿದ್ದವನ ಕೈ ಹಿಡಿದು ಸಹಿ ಹಾಕಿಸಿದವನೂ ನಾನು. ಟೈಪ್ ಮಾಡುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ, ಚಾಚಾ, ಇದರಲ್ಲಿ ಎಲ್ಲ ಕಡೆ ನೀವೇ ಬರುತ್ತೀರಲ್ಲ, ಹೀಗೇ ಬರೆಯಲಾ ಎಂದು ಹಿಂದಿಯಲ್ಲಿ ಕೇಳಿದ. ಹೀಗೇ ಬರೆ ಎಂದೆ.

ಮ್ಯಾನೇಜರ್ ಅದನ್ನು ಓದಿ ಮೇಜಿನ ಮೇಲಿಟ್ಟರು, ಕೈಯಲ್ಲಿ ಹಿಡಿದುಕೊಳ್ಳಲೂ ಒಪ್ಪಲಿಲ್ಲ. ಮನೆಗೆ ಹೋಗಿ ಮಲಗಿ, ನಾಳೆ ಬಂದು ಇದನ್ನು ತೆಗೆದುಕೊಂಡು ಹೋಗಿ ಎಂದರು. ನಾನು ಇನ್ನೊಂದು ಪ್ರತಿಯನ್ನು ಆಫೀಸಿನ ಮುಂಬಾಗಿಲ ಕೌಂಟರಿಗೆ ಕೊಟ್ಟೆ. ಅಲ್ಲಿದ್ದ ಹುಡುಗಿ ಫೋನಿನಲ್ಲಿ ಮಾತಾಡುತ್ತಲೇ 'ರಿಸೀವ್ಡ್' ಎಂದು ಸೀಲು ಹೊಡೆದುಕೊಟ್ಟಳು. ಮಂಗಳವಾರ ನಾನು ಹೋಗಲಿಲ್ಲ, ಅವರೇ ಫೋನು ಮಾಡಿ ಸದ್ಯಕ್ಕೆ ಸೈಟಿಗೆ ಬರಬೇಡಿ ಎಂದರು. ಖಲಾಸ್ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ನನಗೆ ಅರ್ಥವಾಗಿದೆ. ಇಪ್ಪತ್ತೇಳು ವರ್ಷದ ಸಾಮಾನು ಎರಡು ಸೂಟ್‌ಕೇಸಿನಲ್ಲಿ ಹಿಡಿಸಿತು.

ಈಗ ನಿನ್ನಿಂದ ಆಗಬೇಕಾದ್ದು. ನಿನ್ನ ಹತ್ತಿರ ಬ್ಲೌಸು ಹೊಲಿಸುವ ಒಬ್ಬ ವಕೀಲೆ ಇದ್ದಾರೆ, ಕೆಲಸಗಾರರ ಕೇಸು ನಡೆಸುತ್ತಾರೆ ಎಂದು ನಿಖಿತಾ ಒಮ್ಮೆ ಹೇಳಿದ್ದಳು. ಅನ್ಸಿಫ್‌ನನ್ನು ಅವರ ಬಳಿಗೆ ಕರೆದುಕೊಂಡು ಹೋಗು. ಸೀಲು ಹೊಡೆದ ನನ್ನ ಹೇಳಿಕೆ, ಅವನ ಹತ್ತಿರ ಕೇಳಿ ಪಡೆದ ಅರ್ಜಿ ತಿರಸ್ಕಾರದ ಕಾಗದ, ಆಸ್ಪತ್ರೆಯ ರಿಪೋರ್ಟು ಎಲ್ಲ ಇದರ ಜೊತೆಗೇ ಇಟ್ಟಿದ್ದೇನೆ. ಕಣ್ಣಿಗೆ ಪಟ್ಟಿ ಯಾವಾಗ ಕಟ್ಟಿದ್ದು, ಯಾವಾಗ ಬಿಚ್ಚಿದ್ದು ಎಂದು ರಿಪೋರ್ಟಿನಲ್ಲಿ ತಾರೀಕು ಇದೆ. ಸಹಿಯ ತಾರೀಕು ಅದರ ಮಧ್ಯೆ ಬರುತ್ತದೆ. ಅದನ್ನು ವಕೀಲೆಗೆ ಮರೆಯದೆ ತೋರಿಸು. ಇಪ್ಪತ್ತನೇ ತಾರೀಕಿಗೆ ಅವನು ವಿಮಾನ ಹತ್ತಿಬಿಟ್ಟರೆ ಆಮೇಲೆ ಊರಿನಿಂದ ಏನು ಮಾಡಿದರೂ ಕಷ್ಟ. ಅಲ್ಲಿಯವರೆಗೆ ಅವನು ದೇರಾದಲ್ಲಿ ಕಾಸಿಂ ಎಂಬ ತನ್ನ ದೊಡ್ಡಪ್ಪನ ಮಗನ ರೂಮಿನಲ್ಲಿ ಇರುತ್ತಾನೆ. ಕಾಸಿಂ ಮಸಾಲೆ ಅಂಗಡಿಯಲ್ಲಿ ಇರುವುದು. ನಂಬರು ಈ ಹಾಳೆಯ ಹಿಂದೆ ಬರೆದಿದ್ದೇನೆ. ವಕೀಲೆ ನನ್ನನ್ನು ಕರೆದರೆ ಯಾವ ದಿನವಾದರೂ ಬಂದು ಹೇಳಲು ತಯಾರಿದ್ದೇನೆ. ನೀನು ಇರುವಾಗ ಬರಬಾರದೆಂದರೆ ನೀನು ಇಲ್ಲದ ಹೊತ್ತಿಗೆ ಬರುತ್ತೇನೆ.

ಇನ್ನೊಂದು ಉಳಿದಿದೆ. ಇಷ್ಟನ್ನೆಲ್ಲ ಆಫೀಸಿಗೆ ಬರೆದುಕೊಟ್ಟೆ, ನಿನಗೆ ಬರೆಯುತ್ತಿದ್ದೇನೆ, ಅನ್ಸಿಫ್‌ಗೆ ಹೇಳಿಲ್ಲ. ನಾನು ಕೆಲಸಕ್ಕೆ ಹೋಗುತ್ತಿಲ್ಲವೆಂದು ಜ್ವರವಾ ಜಯಣ್ಣ ಎಂದು ಬುಧವಾರ ಗಂಜಿ, ಉಪ್ಪಿನಕಾಯಿ ತಂದಿಟ್ಟು ಹೋದ. ಅವನು ಕೂತಿದ್ದ ಅರ್ಧ ಗಂಟೆಯೂ ನಾನು ಹೇಳುತ್ತೇನೆ ಹೇಳುತ್ತೇನೆ ಎಂದುಕೊಂಡು ಗಂಜಿ ಕುಡಿದೆ. ಹಿಂದಿನ ಪ್ಯಾರಾದ ಕೊನೆಯಲ್ಲಿ ಒಂದು ಸಾಲು ಹೊಡೆದು ಹಾಕಿದ್ದೇನೆ, ಬೆಳಕಿಗೆ ಹಿಡಿದರೆ ನಿನಗೆ ಓದಲು ಬರುತ್ತದೆ. 'ಅವನಿಗೆ ನೀನೇ ಮೆಲ್ಲ ತಿಳಿಸು' ಎಂದು ಬರೆದಿದ್ದೆ. ಬರೆದು ನೋಡಿ ನನಗೇ ಅಸಹ್ಯವಾಯಿತು. ಅದು ನಿನ್ನ ಕೆಲಸವಲ್ಲ. ನಾನು ಹೇಳಬೇಕು. ಹೇಗೆ ಎಂದು ಈ ಹೊತ್ತಿಗೂ ಗೊತ್ತಿಲ್ಲ.

ಆ ಒಂದು ಮಾತಿಗೆ ಒಂಬತ್ತು ವರ್ಷದ ಮೇಲೆ ಉತ್ತರ ಬರೆಯುತ್ತೇನೆ, ಆಗ ಬೇಕಿತ್ತು, ಈಗ ಬೇಡದಿದ್ದರೂ ಇರಲಿ. ಹೌದು, ನಾನೇ ಹೇಳಬಹುದಿತ್ತು. ಹೆದರಿದೆ. ನೀನು ಬೈಯುತ್ತಿ ಎಂದಲ್ಲ. ನಿನ್ನ ಮುಖ ಆಗ ಹೇಗಾಗುತ್ತದೆ ಎಂದು ನೋಡಲು ಹೆದರಿದೆ. ಬೇರೆಯವರಿಂದ ಹೇಳಿಸಿದರೆ ಆ ಮುಖ ನನಗೆ ಕಾಣುವುದಿಲ್ಲವಲ್ಲ ಎಂದುಕೊಂಡೆ. ಆದರೂ ಕಂಡಿತು. ಈಗಲೂ ಕಾಣುತ್ತದೆ.

ಉಡುಪಿಗೆ ಹೋದ ಮೇಲೆ ತಮ್ಮನ ಮನೆಯಲ್ಲಿ ಇರುತ್ತೇನೆ. ನಿಖಿತಾಳಿಗೆ ಇದನ್ನೆಲ್ಲ ಎಷ್ಟು ಹೇಳಬೇಕೋ ನೀನೇ ತೀರ್ಮಾನಿಸು. ಅಲ್ಲ, ತಪ್ಪು ಬರೆದೆ. ಅವಳಿಗೂ ನಾನೇ ಹೇಳುತ್ತೇನೆ.

ಇತಿ,
ಜಯಪಾಲ

ಮರೆತ ಮಾತು: ಇವತ್ತು ಭಾನುವಾರ ಬೆಳಿಗ್ಗೆ, ಅಬುಧಾಬಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಇದನ್ನು ಸೇರಿಸುತ್ತಿದ್ದೇನೆ. ಈ ಪತ್ರ ನಿನಗೆ ತರುವವನು ಅನ್ಸಿಫ್. ದೇರಾಕ್ಕೆ ಹೊರಟಿದ್ದಾನೆ, ದಾರಿಯಲ್ಲಿ ಸತ್ವಾಕ್ಕೆ ಬಂದು ಕೊಡುತ್ತಾನೆ. ಈಗ ಬಸ್ಸಿನ ಕಾರ್ಡಿಗೆ ದುಡ್ಡು ತುಂಬಲು ಹೋಗಿದ್ದಾನೆ. ಅವನು ಹೋಗುವ ಮೊದಲು ಒಂದು ವಾಕ್ಯ ಬಾಯಿಂದ ಬಂತು. "ಆಸ್ಪತ್ರೆಯಲ್ಲಿ ನಿನ್ನಿಂದ ಸಹಿ ಹಾಕಿಸಿದ್ದು ಇನ್ಶೂರೆನ್ಸಿನ ಕಾಗದ ಅಲ್ಲ," ಎಂದೆ. ಮತ್ತೆ ಯಾವುದು ಎಂದು ಅವನು ಕೇಳಿದ, ಮುಂದಿನದು ಬರಲಿಲ್ಲ. ಇದರಲ್ಲಿ ಎಲ್ಲ ಉಂಟು, ಬಸ್ಸಿನಲ್ಲಿ ಓದು ಎಂದೆ. ಅವನು ಕನ್ನಡ ಶಾಲೆಯಲ್ಲಿ ಒಂಬತ್ತನೆಯವರೆಗೆ ಓದಿದವನು. ಲಕೋಟೆಗೆ ಅಂಟು ಹಾಕಿಲ್ಲ. ನಿನ್ನ ನನ್ನ ನಡುವಿನ ಮಾತನ್ನೂ ಅವನು ಓದುತ್ತಾನೆ. ಆ ಮಾತಿರುವ ಹಾಳೆಯನ್ನು ತೆಗೆದಿಡಲು ನೋಡಿದೆ, ಅದನ್ನು ತೆಗೆದರೆ ಉಳಿದದ್ದೂ ಸುಳ್ಳಾಗುತ್ತದೆ ಅನ್ನಿಸಿತು. ಕ್ಷಮಿಸು. ಓದಿದ ಮೇಲೆ ಅವನು ಇದನ್ನು ಹರಿದು ಎಸೆದರೆ ನಾನು ಏನೂ ಹೇಳುವಂತಿಲ್ಲ. ನೀನು ಈ ಸಾಲನ್ನು ಓದುತ್ತಿದ್ದೀಯಾದರೆ, ಅವನು ಎಲ್ಲವನ್ನೂ ಓದಿದ ಮೇಲೂ ನಿನ್ನ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದಾನೆ. ಒಳಗೆ ಕರೆ. ಮಾತಾಡುವಾಗ ಅವನ ಬಲಗಡೆಗೆ ಕೂತುಕೋ, ಎಡಗಡೆ ಅವನಿಗೆ ಕಾಣುವುದಿಲ್ಲ.